ಫೋಟೋದೊಳಗೆ ಬಾರದ ಹಪ್ಪಳ

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ. ಗಂಗಾವತಿಯಿಂದ ಮದುವೆಯಾಗಿ ವಿಜಯವಾಡಕ್ಕೆ ಬಂದಾಗ ನನಗೆ ತೆಲುಗು ಅರ್ಧಂಬರ್ಧ ಬರುತ್ತಿತ್ತು. ತರಕಾರಿ ಕೊಳ್ಳಲು ಸಾಕು, ಸಿಟ್ಟು ಮಾಡಲು ಸಾಲದು. ಹಾಗಾಗಿ ಬೈಯುವುದೆಲ್ಲ ಕನ್ನಡದಲ್ಲೇ. ನಮ್ಮ ಮನೆಯವರು ಅಪ್ಪಟ ತೆಲುಗಿನವರು, ಅವರಿಗೆ ಬರುವ ಕನ್ನಡವೆಲ್ಲ ನನ್ನ ಬೈಗುಳದಿಂದ ಕಲಿತದ್ದು. ಒಬ್ಬಳೇ ಮಗಳು, ಅವಳದೂ ಅಷ್ಟೇ. ಶಾಲೆ, ಗೆಳತಿಯರು, ಸಿನಿಮಾ ಎಲ್ಲ ತೆಲುಗು. ಕನ್ನಡ ನನ್ನ ಅಡುಗೆಮನೆಯ ಹೊಸ್ತಿಲು ದಾಟಿ ಹೋಗಲಿಲ್ಲ.

ನಾನು ಹೆಚ್ಚು ಬೈದದ್ದು ಊಟದ ವಿಷಯಕ್ಕೆ. ಇವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಊರಿನ ಹಳೇ ಪೇಟೆ ಒನ್ ಟೌನಿನ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಬಿಳಿ ಹಾಸಿನ ಗಾದಿಯ ಮೇಲೆ ಕೂತು, ಸುತ್ತಲಿನ ಊರುಗಳಿಂದ ಬರುವ ಚಿಲ್ಲರೆ ಅಂಗಡಿಯವರಿಗೆ ಸೀರೆ, ಪಂಚೆ ತೋರಿಸುವುದು ಇವರ ಕೆಲಸ. ಬೆಳಿಗ್ಗೆ ಕೂತರೆ, ನಡುವೆ ಮನೆಗೆ ಊಟಕ್ಕೆ ಬರುವುದು ಬಿಟ್ಟರೆ, ಏಳುವುದು ಸಂಜೆಗೇ. ಗಿರಾಕಿ ಬಂದರೆ ಚಹಾ. ವ್ಯಾಪಾರ ಕುದುರಿದರೆ ಆ ಖುಷಿಗೆ ಎದುರಿನ ಬಂಡಿಯಿಂದ ಬಿಸಿ ಬಿಸಿ ಪುನುಗುಲು ಬೋಂಡಾ, ಕುದುರದಿದ್ದರೆ ಆ ಬೇಜಾರಿಗೆ ಮೆಣಸಿನಕಾಯಿ ಬಜ್ಜಿ. ಇಷ್ಟು ತಿಂದು ಮನೆಗೆ ಬಂದ ಮನುಷ್ಯ ಮತ್ತೆ ಬಿಸಿ ಅನ್ನಕ್ಕೆ ಗಟ್ಟಿ ತೊವ್ವೆ, ಆವಕಾಯಿ ಉಪ್ಪಿನಕಾಯಿ, ಮೇಲೊಂದು ಧಾರೆ ತುಪ್ಪ ಹಾಕಿಸಿಕೊಂಡು, ಪಕ್ಕಕ್ಕೆ ಹಪ್ಪಳ ಇಲ್ಲದಿದ್ದರೆ ಊಟವೇ ಅಲ್ಲ ಅನ್ನುತ್ತಿದ್ದರು.

“ಹೊಟ್ಟಿ ಅಂತೀರೋ, ಕಾಳು ತುಂಬೋ ಹಗೇವು ಅಂತೀರೋ?” ಎಂದು ನಾನು ಶುರು ಮಾಡುತ್ತಿದ್ದೆ. “ಕಾಲು ಕೊಳಿತಾವ, ಕಣ್ಣು ಹೋಗ್ತಾವ ಅಂತ ಡಾಕ್ಟರು ಬಡಕೊಂಡ್ರು. ನಿಮಗೇನು, ಮಾಡಾಕಿ ನಾನದೀನಲ್ಲ!”

ಅವರು ನಗುತ್ತಿದ್ದರು. ತಟ್ಟೆ ಮುಂದೆ ಸರಿಸಿ, “ಏಮೇ, ಬೈಯೂದು ಆತಲ್ಲ, ಇನ್ನೊಂಚೂರು ತುಪ್ಪ ಹಾಕು” ಅನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ನಮ್ಮಿಬ್ಬರ ಸಂಸಾರ ನಡೆದದ್ದೇ ಹೀಗೆ.

ಮಗಳು ಆಹಾರ, ಪಥ್ಯ ಇಂಥದ್ದನ್ನೇ ಓದಿ, ೨೦೧೬ರಲ್ಲಿ ವಿಶಾಖಪಟ್ಟಣದಲ್ಲಿ ಕೆಲಸಕ್ಕೆ ಸೇರಿದಳು. ದ್ವಾರಕಾ ನಗರದಲ್ಲಿ ಒಂದು ಬ್ಯಾಂಕಿನ ಮೇಲಿನ ಮಹಡಿಯ ಸಣ್ಣ ಆಫೀಸು. ಸಕ್ಕರೆ ಕಾಯಿಲೆಯವರ ಮೊಬೈಲಿಗೆ ಊಟದ ಚಿತ್ರ ಕಳಿಸುವುದೇ ಅಲ್ಲಿಯ ಕೆಲಸವಂತೆ. ಕೇಳಿ ನನಗೆ ನಗು ಬಂತು.

“ಅಂದ್ರ ತಿನಬ್ಯಾಡ್ರಿ ಅಂತ ಬೈಯಾಕ ಪಗಾರ ಕೊಡ್ತಾರೇನು? ಹಂಗಾದ್ರ ನನಗೊಂದು ಕೆಲಸ ಕೊಡ್ಸು” ಎಂದೆ.

“ಅಯ್ಯೋ ಅಮ್ಮಾ, ಬೈಯೂದೇ ಇಲ್ಲ. ತಿನಬ್ಯಾಡ ಅನ್ನೂ ಮಾತೇ ಇಲ್ಲ ಅದರಾಗ. ಬರೀ ತೋರಸೂದು. ಮನಸ್ಸಿಗೆ ಹೇಳಿದ್ರ ಅದು ಜಗಳಕ್ಕ ಬರ್ತದ ಕದಾ, ಅದಕ್ಕ ಕೈಗೆ ಕಲಸೂದು” ಎಂದಳು.

ಮುಂದಿನ ಸಂಕ್ರಾಂತಿಗೆ ಬಂದಾಗ ಅಪ್ಪನಿಗೊಂದು ದೊಡ್ಡ ಪರದೆಯ ಸ್ಮಾರ್ಟ್‌ಫೋನು ತಂದಳು. ಅದರಲ್ಲಿ ತಮ್ಮ ಆಫೀಸಿನ ಆಟ ಹಾಕಿಕೊಟ್ಟಳು. ಪರದೆಯ ಮೇಲೆ ಒಂದೊಂದೇ ತಿಂಡಿಯ ಚಿತ್ರ ಬರುತ್ತದೆ. ಸೊಪ್ಪು, ಕಾಯಿಪಲ್ಲೆ, ಮೊಳಕೆ ಕಾಳು ಬಂದರೆ ಬೆರಳಿನಿಂದ ತನ್ನ ಕಡೆ ಎಳೆದುಕೊಳ್ಳಬೇಕು, ಚಿತ್ರ ದೊಡ್ಡದಾಗಿ ಹತ್ತಿರ ಬರುತ್ತದೆ. ಬಜ್ಜಿ, ಜಿಲೇಬಿ ಬಂದರೆ ಆಚೆ ತಳ್ಳಬೇಕು, ಸಣ್ಣದಾಗಿ ಮಾಯವಾಗುತ್ತದೆ. ದಿನಕ್ಕೆ ಐದು ನಿಮಿಷ, ಅಷ್ಟೇ. ಹೀಗೆ ಎಳೆದು ತಳ್ಳಿ ರೂಢಿಯಾದರೆ, ನಿಜವಾದ ಬಜ್ಜಿ ಎದುರಿಗೆ ಬಂದಾಗಲೂ ಕೈ ತಾನಾಗಿ ಹಿಂದೆ ಬರುತ್ತದೆ ಎಂಬುದು ಅವರ ಲೆಕ್ಕ. ಯಾರು ಎಷ್ಟು ಸರಿ ಆಡಿದರು ಎಂಬುದು ವಿಶಾಖಪಟ್ಟಣದಲ್ಲಿ ಅವಳ ಕಂಪ್ಯೂಟರಿನಲ್ಲಿ ಕಾಣುತ್ತದೆ. ಇದರ ಜೊತೆಗೆ ದಿನಾ ಮಧ್ಯಾಹ್ನ ಅವಳು ತನ್ನ ಊಟದ ಫೋಟೋ ಕಳಿಸುವುದು, ಇವರು ತಮ್ಮ ತಟ್ಟೆಯ ಫೋಟೋ ಕಳಿಸುವುದು ಎಂದು ಅಪ್ಪ ಮಗಳು ಒಪ್ಪಂದ ಮಾಡಿಕೊಂಡರು.

ಇವರು ಒಪ್ಪಿದ್ದು ನನಗೇ ಆಶ್ಚರ್ಯ. ಮಗಳೊಂದಿಗೆ ದಿನಾ ಮಾತಾಡಲು ಒಂದು ನೆಪ ಸಿಕ್ಕಿತೆಂದು ಇರಬೇಕು. ನಮ್ಮ ಕಡೆಯ ಗಂಡಸರ ಹಾಗೆ ಇವರಿಗೂ ಫೋನಿನಲ್ಲಿ “ಊಟ ಆತಾ?” ಬಿಟ್ಟರೆ ಮಗಳ ಹತ್ತಿರ ಮುಂದಿನ ಮಾತು ಹೊಳೆಯುತ್ತಿರಲಿಲ್ಲ. ಈಗ ಆ ಒಂದೇ ಪ್ರಶ್ನೆಗೆ ದಿನಾ ಒಂದು ಚಿತ್ರ ಉತ್ತರವಾಗಿ ಬರತೊಡಗಿತು. ಮಧ್ಯಾಹ್ನ ಮನೆಗೆ ಊಟಕ್ಕೆ ಬಂದವರು ಮೊದಲು ಫೋನು ತೆಗೆದು, ತಟ್ಟೆಯ ಮೇಲೆ ಬಾಗಿ, ಫೋಟೋ ಹೊಡೆದು, ಆಮೇಲೆ ಕೈ ತೊಳೆಯುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಚಿತ್ರಗಳು ಮೊದಲು ನಾಟಿದ್ದು ನನಗೆ. ಇವರ ಫೋನು ತೆಗೆದು ಮಗಳ ತಟ್ಟೆ ನೋಡುವುದು ನನಗೊಂದು ಚಟವಾಯಿತು. ನವಣೆ ಅನ್ನ, ಹೀರೇಕಾಯಿ ಪಲ್ಯ, ತೆಳ್ಳಗೆ ಹೆಚ್ಚಿದ ಸೌತೇಕಾಯಿ. ನೋಡಿ ನೋಡಿ ಏನಾಯಿತೋ, ಮಾರ್ಕೆಟ್ಟಿಗೆ ಹೋದರೆ ನನ್ನ ಕೈ ಆಲೂಗಡ್ಡೆಯ ರಾಶಿ ಬಿಟ್ಟು ಹೀರೇಕಾಯಿಯ ಕಡೆ ಹೋಗತೊಡಗಿತು. ನವಣೆ ನಮ್ಮಜ್ಜಿ ಕಾಲದಲ್ಲಿ ಬಡವರ ಕೂಳು. ಅಕ್ಕಿಯ ಊರಲ್ಲಿ ಹುಟ್ಟಿದ ನಾನು ಅದನ್ನು ಕೊಂಡು ತಂದು ಬೇಯಿಸಿದೆನೆಂದರೆ ನೋಡಿ! ಹಪ್ಪಳದ ಡಬ್ಬಿಯನ್ನು ಕೆಲಸದವಳಿಗೆ ಕೊಟ್ಟುಬಿಟ್ಟೆ. ಇವರು ಗೊಣಗುತ್ತಾ ತಿಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸ್ವಲ್ಪ ಇಳಿಯಿತು.

ಆದರೆ ಮಗಳ ಕಂಪ್ಯೂಟರು ಬೇರೆಯೇ ಹೇಳುತ್ತಿತ್ತು. ಮೊದಲು ಚೆನ್ನಾಗಿ ಆಡುತ್ತಿದ್ದ ಅಪ್ಪ ವರ್ಷ ತುಂಬುವ ಹೊತ್ತಿಗೆ ಎಲ್ಲ ತಪ್ಪು ಮಾಡತೊಡಗಿದ್ದರು. ಬಜ್ಜಿಯನ್ನು ಹತ್ತಿರ ಎಳೆದುಕೊಂಡು ಮೆಂತ್ಯದ ಸೊಪ್ಪನ್ನು ಆಚೆ ತಳ್ಳುತ್ತಿದ್ದರಂತೆ.

“ಅಮ್ಮಾ, ನಾನ್ನಗ ಎಷ್ಟ್ ಆಸೆ ಐತಿ ನೋಡು. ಆಟದಾಗೂ ಜಿಲೇಬಿ ಬಿಡವಲ್ಲರು” ಎಂದು ಫೋನಿನಲ್ಲಿ ನಕ್ಕಳು. ಅಪ್ಪನನ್ನು ಅವಳು ತೆಲುಗಿನಂತೆ ನಾನ್ನಾ ಎಂದೇ ಕರೆಯುವುದು. ಆಮೇಲಾಮೇಲೆ ಅವಳಿಗೆ ನಗು ಬರುವುದು ನಿಂತಿತು. ತಟ್ಟೆಯ ಫೋಟೋಗಳೂ ಕೆಟ್ಟವು. ಅರ್ಧ ತಟ್ಟೆ, ಮುಕ್ಕಾಲು ಮೇಜು. ಒಂದು ದಿನ ಲೋಟ, ಒಂದು ದಿನ ಇವರದೇ ಹೆಬ್ಬೆರಳು. ಮಗಳಿಗೆ ಅನುಮಾನ ಬಂತು.

“ಹಪ್ಪಳ ಆಕಡೆ ಇಟ್ಕೊಂಡು ಈಕಡಿಂದ ಫೋಟೋ ಹೊಡೀತಾರ. ನಮ್ಮ ಪೇಷಂಟುಗಳು ಹಿಂಗೇ ಮಾಡ್ತಾರಮ್ಮಾ, ನಂಗೊತ್ತಿಲ್ಲೇನು?” ಎಂದಳು.

ಮನೆಯಲ್ಲಿ ಹಪ್ಪಳವೇ ಇಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಹೊರಗೆ ಬಂಡಿ ಇತ್ತಲ್ಲ. ಈ ಮನುಷ್ಯನನ್ನು ಬಲ್ಲವಳು ನಾನು. ಪಥ್ಯ ಶುರುವಾದ ಮೊದಲ ವರ್ಷ ಸ್ಕೂಟರಿನ ಡಿಕ್ಕಿಯಲ್ಲಿ ಮೈಸೂರುಪಾಕು ಇಟ್ಟುಕೊಂಡು ಓಡಾಡಿದ ಆಸಾಮಿ. ಆಟ ತಪ್ಪಾಡುವುದು, ಫೋಟೋ ವಾರೆ ಹಿಡಿಯುವುದು, ಎಲ್ಲ ಕೂಡಿಸಿದರೆ ಕಳ್ಳತನವೇ ಎಂದು ನನಗೂ ಅನಿಸಿತು. ಅಂದು ರಾಗ ಎತ್ತಿದವಳು ವಾರವಿಡೀ ಇಳಿಸಲಿಲ್ಲ.

“ಮಗಳು ಅಷ್ಟು ದೂರ ಕುಂತು ನಿಮ್ಮ ಸಲುವಾಗಿ ಒದ್ದಾಡ್ತಾಳ. ನಾಚಿಕಿ ಇಲ್ಲೇನ್ರಿ ಜೀವಕ್ಕ? ಒಂದು ತಟ್ಟಿ ನೆಟ್ಟಗ ಫೋಟೋ ಹೊಡದ್ರ ಏನು ಗಂಟು ಹೋಗತೈತಿ?”

ಇವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. “ಹೌದೇ, ನಾನು ಆಸೆಬುರುಕ. ಏನ್ ಮಾಡ್ಲಿ, ನಾಲಗಿ ಕೇಳವಲ್ದು” ಎಂದು ನಗುತ್ತಿದ್ದರು. ಒಂದು ಸಲವೂ ಇಲ್ಲವೆನ್ನಲಿಲ್ಲ. ಮಗಳು ಫೋನು ಮಾಡಿ ಗದರಿದರೂ ಅದೇ ಉತ್ತರ. “ತಪ್ಪಾತಮ್ಮಾ, ನಾಳೆಯಿಂದ ಸರಿ ಆಡ್ತೀನಿ.” ಮರುದಿನ ಮತ್ತೆ ಅದೇ ಆಟ, ಅದೇ ವಾರೆ ತಟ್ಟೆ.

ಉಳಿದ ಬದಲಾವಣೆಗಳಿಗೂ ನಮ್ಮ ಹತ್ತಿರ ಕಾರಣ ಸಿದ್ಧವಿತ್ತು. ಪೇಪರು ಓದುವುದು ಬಿಟ್ಟರು, ಸುದ್ದಿಯೆಲ್ಲ ಟೀವಿಯಲ್ಲೇ ಬರುತ್ತದಲ್ಲ ಎಂದುಕೊಂಡೆ. ಸ್ಕೂಟರು ಬಿಟ್ಟು ಪರಿಚಯದ ಆಟೋದಲ್ಲಿ ಹೋಗಿಬರತೊಡಗಿದರು, ಒನ್ ಟೌನಿನ ಆ ಗಲ್ಲಿಗಳಲ್ಲಿ ಯಾರು ಗಾಡಿ ಓಡಿಸಿಯಾರು ಎಂದುಕೊಂಡೆ. ಕಣ್ಣಿನ ಪರೀಕ್ಷೆಗೆ ಕೇಳಿದರೆ, “ಅಂಗಡಿ ಪಕ್ಕದಾಗೇ ತೋರಿಸ್ಕೊಂಡ್ ಬಂದೆ, ನಂಬರು ಬದಲಿ ಆಗೇತಿ ಅಷ್ಟೇ” ಎಂದರು. ಅಂಗಡಿಯಲ್ಲೂ ಯಾರಿಗೂ ತಿಳಿಯಲಿಲ್ಲ. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಕೈ. ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿದರೆ ಯಾವ ಊರಿನ ಮಗ್ಗದ್ದು, ಗಿರಾಕಿಗೆ ಎಷ್ಟಕ್ಕೆ ಹೇಳಬೇಕು, ಎಲ್ಲ ಗೊತ್ತಾಗುತ್ತಿತ್ತು. ಬಣ್ಣವನ್ನು ಗಿರಾಕಿಯ ಬಾಯಿಂದಲೇ ಹೇಳಿಸುತ್ತಿದ್ದರಂತೆ. “ಈ ಬಣ್ಣಕ್ಕ ನೀವೇನಂತೀರಿ?” ಎಂದು ಕೇಳಿ, ಅವರು ನೀಲಿ ಎಂದರೆ ಇವರೂ ನೀಲಿಯನ್ನು ಹೊಗಳುವುದು.

೨೦೧೮ರ ದಸರೆಗೆ ಮಗಳು ಬಂದಳು. ಬೆಟ್ಟದ ಮೇಲಿನ ಅಮ್ಮನವರ ದರ್ಶನದ ಜನ ನಮ್ಮ ಬೀದಿಯ ಬಾಯಿಯವರೆಗೂ ತುಂಬಿದ್ದರು. ಅಂಗಡಿಗೆ ರಜೆ. ತಿಂಡಿಯಾದ ಮೇಲೆ ಅವಳು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, ಅವರ ಫೋನನ್ನು ಮುಂದೆ ಹಿಡಿದಳು.

“ನಾನ್ನಾ, ಇವತ್ತು ನನ್ನ ಮುಂದ ಆಡ್ರಿ. ನೋಡೂಣು.”

“ಈಗ್ಯಾಕಮ್ಮಾ, ಹಬ್ಬದ ದಿನ...”

“ಆಡ್ರಿ ಅಂದೆ.” ನನ್ನದೇ ದನಿ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಇವರು ಬೆರಳು ಚಾಚಿದರು. ಚಿತ್ರ ಬಂತು, ಎಳೆದುಕೊಂಡರು. ಇನ್ನೊಂದು ಬಂತು, ತಳ್ಳಿದರು.

“ಈಗ ತಳ್ಳಿದ್ರಲ್ಲ, ಅದು ಏನಿತ್ತು?”

“ಬಜ್ಜಿ.”

“ಸೌತೇಕಾಯಿ ಅದು! ತಮಾಷಿ ಮಾಡಬ್ಯಾಡ್ರಿ ನಾನ್ನಾ, ನಂಗ ಸಿಟ್ಟು ಬರ್ತದ.”

“ಹಾಂ, ಸೌತೇಕಾಯಿ. ಬಾಯಿ ತಪ್ಪಿ ಬಜ್ಜಿ ಅಂದೆ” ಎಂದು ನಕ್ಕರು. ಅವಳು ನಗಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ಫೋನಿನ ಬದಿಯ ಗುಂಡಿ ಒತ್ತಿದಳು. ಪರದೆ ಆರಿ ಕಪ್ಪಾಯಿತು. ಆ ಕಪ್ಪು ಪರದೆಯನ್ನೇ ಮತ್ತೆ ಅವರ ಮುಂದೆ ಹಿಡಿದಳು.

“ಇದು?” ಎಂದಳು. ದನಿ ಇಳಿದಿತ್ತು.

ಇವರು ಕನ್ನಡಕ ಸರಿ ಮಾಡಿಕೊಂಡರು. ಬಾಗಿದರು. ಸ್ವಲ್ಪ ಹೊತ್ತು ನೋಡಿದರು.

“ಇದಾ? ಇದು ಗೋಂಗೂರ ಚಟ್ನಿ” ಎಂದು, ಸರಿ ಹೇಳಿದೆನೆಂಬ ಸಮಾಧಾನದಲ್ಲಿ, ಏನೂ ಇಲ್ಲದ ಗಾಜಿನ ಮೇಲೆ ಬೆರಳಿಟ್ಟು ತಮ್ಮ ಕಡೆ ಎಳೆದುಕೊಂಡರು.

ಅಯ್ಯೋ ದೇವರೇ! ನನ್ನ ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಮಗಳು ಫೋನನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಿದ್ದಳು. ಸೌಟಿನ ಸದ್ದಿಗೆ ಇವರು ತಿರುಗಿ, “ಏನಾತೇ?” ಎಂದರು. ಯಾರೂ ಉತ್ತರ ಕೊಡದೇ ಇದ್ದಾಗ ಅವರಿಗೆ ತಿಳಿಯಿತು. ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದು ಆಮೇಲೆ ಹೋಯಿತು.

ಹಬ್ಬ ಮುಗಿಯುವವರೆಗೂ ಕಾಯಲಿಲ್ಲ. ಮಗಳಿಗೆ ಪರಿಚಯವಿದ್ದ ವಿಶಾಖಪಟ್ಟಣದ ಕಣ್ಣಿನ ಆಸ್ಪತ್ರೆಗೇ ಹೋಗುವುದೆಂದು ಬೆಳಗಿನ ರೈಲು ಹಿಡಿದೆವು. ದಾರಿಯುದ್ದಕ್ಕೂ ಇವರು ಕಿಟಕಿಯ ಪಕ್ಕ ಕೂತಿದ್ದರು. ಗೋದಾವರಿ ಸೇತುವೆ ಬಂದಾಗ ಸದ್ದು ಕೇಳಿ, ಎಲ್ಲರ ಹಾಗೆ ಕೈ ಮುಗಿದರು. ಅದನ್ನು ನೋಡಿ ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ಕಣ್ಣಿಗೆ ಔಷಧಿ ಹಾಕಿ, ದೀಪ ಬಿಟ್ಟು, ಬಹಳ ಹೊತ್ತು ನೋಡಿದಳು. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆ ಹಾಳಾಗಿದೆ, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಬೆಳಕು ಕತ್ತಲೆ ತಿಳಿಯುವಷ್ಟಿದೆ, ಇಂಜೆಕ್ಷನ್ ಕೊಟ್ಟರೆ ಅಷ್ಟನ್ನು ಉಳಿಸಲು ನೋಡಬಹುದು ಎಂದಳು. ಇದು ಎಷ್ಟೋ ವರ್ಷದಿಂದ ಒಳಗೆ ಬೆಳೆದದ್ದು, ಒಂದು ವರ್ಷ ಮೊದಲು ಬಂದಿದ್ದರೂ ಬೇರೆ ಮಾತಿತ್ತು. ಆಮೇಲೆ ರಕ್ತದ ರಿಪೋರ್ಟು ನೋಡಿ, “ಈಗ ಸಕ್ಕರೆ ಚೆನ್ನಾಗಿ ಹಿಡಿತದಲ್ಲಿದೆ, ಊಟ ಹೀಗೇ ಮುಂದುವರಿಸಿ” ಎಂದು ತೆಲುಗಿನಲ್ಲಿ ಹೊಗಳಿದಳು. ಮಗಳು ಎದ್ದು ಹೊರಗೆ ಹೋದಳು.

ಅವಳ ಬಾಡಿಗೆ ಮನೆಗೆ ಬಂದ ಮೇಲೆ ಅವಳು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು.

“ನಾ ನಿಮ್ಮನ್ನ ಕಳ್ಳ ಅಂದೆ. ಅಮ್ಮನೂ ಅಂದ್ಲು. ಆಸೆಬುರುಕ ಅಂತ ನೀವೇ ಒಪ್ಕೊಂಡ್ರಿ. ಯಾಕ ನಾನ್ನಾ? ಕಾಣವಲ್ದು ಅಂತ ಒಂದು ಮಾತು ಹೇಳಾಕ ಏನಾಗಿತ್ತು?”

ಇವರು ಅವಳ ತಲೆಗಾಗಿ ಕೈ ಚಾಚಿದರು. ಮೊದಲು ಕುರ್ಚಿಯ ಕಾಲು ಸಿಕ್ಕಿತು, ಆಮೇಲೆ ತಲೆ.

“ಕಣ್ಣಿಲ್ಲದವನ್ನ ಗಾದಿ ಮ್ಯಾಲೆ ಯಾರು ಕೂಡಿಸ್ತಾರಮ್ಮಾ? ಅದೊಂದು. ಇನ್ನೊಂದು, ಆಸೆಬುರುಕ ಅಂದ್ರ ನೀವು ಬೈತೀರಿ. ಕುರುಡ ಅಂದ್ರ ಅಳ್ತೀರಿ. ಬೈಸ್ಕೊಳ್ಳೂದು ನನಗ ರೂಢಿ ಐತಿ.”

ಅವಳು ಅತ್ತಳು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಈ ಮನುಷ್ಯನ ಮೇಲೋ, ಬೇಕಾದ್ದಕ್ಕೆಲ್ಲ ನಕ್ಕು ಮರೆಮಾಡುವ ಇವರ ಚಾಳಿಯ ಮೇಲೋ, ಪಕ್ಕದಲ್ಲೇ ಮಲಗಿ ಎದ್ದರೂ ಏನೂ ಕಾಣದ ನನ್ನ ಎರಡು ಒಳ್ಳೆಯ ಕಣ್ಣುಗಳ ಮೇಲೋ.

ಮಗಳ ಆಫೀಸಿನವರು ಆಮೇಲೆ ಆ ಆಟದಲ್ಲಿ ಒಂದು ಬದಲಾವಣೆ ಮಾಡಿದರಂತೆ. ಇದ್ದಕ್ಕಿದ್ದಂತೆ ತಪ್ಪು ಹೆಚ್ಚಾದರೆ ಬೈಯಬಾರದು, ಮೊದಲು ಕಣ್ಣು ತೋರಿಸಿಕೊಳ್ಳಲು ಹೇಳಬೇಕು ಎಂದು. ಅವಳೇ ಹಟ ಹಿಡಿದು ಮಾಡಿಸಿದಳು. ಯಾರದೋ ಕಣ್ಣು ಉಳಿದಿರಬಹುದು, ಉಳಿಯಲಿ. ನನಗೆ ಅದನ್ನು ಕೇಳಿ ಸಂತೋಷವಾಯಿತೆಂದರೆ ಸುಳ್ಳು ಹೇಳಿದ ಹಾಗೆ.

ಅಂಗಡಿಯ ಮಾಲೀಕರು ಒಳ್ಳೆಯವರು. ತಿಂಗಳವರೆಗೆ ಗಾದಿಯ ಒಂದು ಮೂಲೆಯಲ್ಲಿ ಕೂಡಿಸಿಕೊಂಡರು. ಗಿರಾಕಿಗಳು ಇವರ ಎದುರು ಕೈ ಆಡಿಸಿ ಪರೀಕ್ಷೆ ಮಾಡುತ್ತಾರೆಂದು ಆಟೋದವನು ನನಗೆ ಹೇಳಿದ. ಮರುದಿನದಿಂದ ನಾನೇ ಕಳಿಸಲಿಲ್ಲ. ಇವರೂ ಕೇಳಲಿಲ್ಲ.

ಮನೆ ಮೆತ್ತಗಾಯಿತು. ಮಗಳು ದಿನಾ ಮಧ್ಯಾಹ್ನ ಫೋಟೋ ಬಿಟ್ಟು ಫೋನೇ ಮಾಡತೊಡಗಿದಳು. ಎಷ್ಟು ನಯವಾಗಿ ಮಾತಾಡುತ್ತಿದ್ದಳೆಂದರೆ ಆಸ್ಪತ್ರೆಯವರು ಮಾತಾಡಿದ ಹಾಗಿರುತ್ತಿತ್ತು. ನಾನು ತಟ್ಟೆಯಲ್ಲಿ ಎಡಕ್ಕೆ ಪಲ್ಯ, ಬಲಕ್ಕೆ ತೊವ್ವೆ, ನಡುವೆ ನವಣೆ ಎಂದು ಹೇಳಿ ಬಡಿಸುತ್ತಿದ್ದೆ. ಬಗ್ಗಿ ಏನಾದರೂ ಚೆಲ್ಲಿದರೆ ಸದ್ದಿಲ್ಲದೆ ಒರೆಸುತ್ತಿದ್ದೆ. ಇವರು ಉಪ್ಪು ಜಾಸ್ತಿ ಕೇಳಿದರೆ ಹಾಕುತ್ತಿದ್ದೆ. ತುಪ್ಪ ಕೇಳಿದರೆ ಅದನ್ನೂ ಹಾಕುತ್ತಿದ್ದೆ. ಇನ್ನು ಯಾವುದನ್ನು ಕಾಪಾಡಲು ಬೈಯಲಿ ನಾನು?

ಮುಂದಿನ ಯುಗಾದಿಗೆ ಹೋಳಿಗೆ ಮಾಡಿದೆ. ಡಾಕ್ಟರು ಒಂದು ತಿನ್ನಬಹುದು ಎಂದಿದ್ದರು. ಒಂದು ಬಡಿಸಿದೆ, ತಿಂದರು. ಎದುರಿಗೆ ನಾನೂ ಕೂತು ಉಣ್ಣುತ್ತಿದ್ದೆ. ಇವರ ಕೈ ಮೇಜಿನ ಮೇಲೆ ಹುಡುಕುತ್ತಾ ಬಂದು ಪಾತ್ರೆಯ ಅಂಚು ಹಿಡಿದು, ಇನ್ನೊಂದು ಹೋಳಿಗೆ ಎತ್ತಿಕೊಂಡಿತು.

“ಇನ್ನೊಂದು ತಗೊಂಡೆ ನೋಡೇ” ಎಂದರು.

ನಾನು ಏನೂ ಅನ್ನಲಿಲ್ಲ.

“ಎರಡಾತು. ಕೈಯಾಗ ಐತಿ, ಬಾಯಾಗ ಹಾಕ್ಕೊಂತೀನಿ ಈಗ.”

ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈ ಅಲ್ಲೇ ನಿಂತಿತ್ತು. ನಾನು ಕೂತದ್ದು ಒಂದು ಕಡೆ, ಇವರ ಮುಖ ತಿರುಗಿದ್ದು ಫ್ರಿಜ್ಜಿನ ಕಡೆಗೆ.

“ಬೈಯೇ ಒಂದ್ಸಲ. ನೀ ಎಲ್ಲಿ ಕುಂತೀ ಅಂತಾದ್ರೂ ಗೊತ್ತಾಗ್ಲಿ.”

ನಾನು ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ. ಇವರು ಹೋಳಿಗೆ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು, ಫ್ರಿಜ್ಜಿನ ಕಡೆ ಮುಖ ಮಾಡಿ ಕಾಯುತ್ತಿದ್ದರು.